ನಕಲಿ ಗ್ರಾಫಿಕ್ಸ್ ಕಾರ್ಡು, ಅತ್ತೆಯ ತವರು

ಬಿಳಿಕೆರೆ ದಾಟಿದ ಮೇಲೆ ನನ್ನ ಗಂಡ ಬೈಕಿನ ವೇಗ ತಗ್ಗಿಸಿ, ತಲೆ ಅರ್ಧ ತಿರುಗಿಸಿ ಹೇಳಿದರು.

“ಅಂಗ್ಡೀಲಿ ಕೇಳಿದ್ರೆ ಆಲ್ಬಮ್ ಕೆಲ್ಸಕ್ಕೆ ಅನ್ನು. ಆಟಕ್ಕೆ ಅಂತ ಬಾಯ್ಬುಡ್ಬೇಡ.”

“ಯಾಕೆ?”

“ನಗ್ತಾರೆ ಕಣೇ. ಮದ್ವೆಯಾಗಿರೋ ಎಂಗ್ಸು ಕಂಪ್ಯೂಟ್ರಲ್ಲಿ ಆಟ ಆಡ್ತಾಳೆ ಅಂದ್ರೆ ಏನಂದ್ಕತಾರೆ?”

ನಗುವವರು ನಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮದುವೆ ಫೋಟೋಗಳ ಆಲ್ಬಮ್ ಜೋಡಿಸುವುದು ನನ್ನ ಕೆಲಸ. ಹುಣಸೂರಿನ ಸ್ಟುಡಿಯೋದವರು ಫೋಟೋ ಕಳಿಸುತ್ತಾರೆ, ನಾನು ಮನೆಯಲ್ಲೇ ಕುಳಿತು ಪುಟ ಮಾಡಿ ಕಳಿಸುತ್ತೇನೆ. ಆ ಕೆಲಸಕ್ಕೆ ನನ್ನ ಕಂಪ್ಯೂಟರು ಸಾಕಾಗಿತ್ತು. ಸಾಲದೆ ಹೋದದ್ದು ಆಟಕ್ಕೇ. ಕೆ.ಆರ್. ನಗರದ ತವರಿನಲ್ಲಿ ನಾನೂ ನನ್ನ ತಮ್ಮನೂ ಒಂದೇ ಕೀಬೋರ್ಡಿಗೆ ಕಿತ್ತಾಡಿಕೊಂಡು ಬೆಳೆದವರು. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಅವನ ಕೈ ನನ್ನ ಮುಂದೆ ನಡೆಯುತ್ತಿರಲಿಲ್ಲ. ಮದುವೆಯಾಗಿ ಬರುವಾಗ ಪಾತ್ರೆಪಡಗದ ಜೊತೆ ಆ ಕಂಪ್ಯೂಟರನ್ನೂ ಟೆಂಪೋಗೆ ಹತ್ತಿಸಿಕೊಂಡೇ ಬಂದೆ. ಈಗಿನ ಆಟಗಳನ್ನು ಅದರಲ್ಲಿ ಹಾಕಿದರೆ ಓಡುವ ಮನುಷ್ಯ ನಿಂತು ನಿಂತು ಓಡುತ್ತಿದ್ದ. ನಾನು ನೋಡುವಷ್ಟರಲ್ಲಿ ಎದುರಿನವನು ನನ್ನನ್ನು ಹೊಡೆದು ಮುಗಿಸಿರುತ್ತಿದ್ದ. ಆಟದ ಚಿತ್ರವನ್ನು ತೆರೆಗೆ ಬೇಗ ಬೇಗ ತರುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ದೊಡ್ಡದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ, ಅಗ್ಗದ್ದೊಂದು ಸಾಕಿತ್ತು. ನನ್ನ ದುಡಿಮೆಯದೇ ದುಡ್ಡು.

ಮೈಸೂರಿನಿಂದ ತರೋಣ ಎಂದೆ. ಅತ್ತೆ ಬಿಡಲಿಲ್ಲ. ಹುಣಸೂರಿನ ಬಸ್‌ ಸ್ಟ್ಯಾಂಡಿನ ಹತ್ತಿರ ಅತ್ತೆಯ ಅಣ್ಣನ ಮಗ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಮನೆಯವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಯಾಕೆ ಹೋಗಬೇಕು ಎಂಬುದು ಅವರ ಮಾತು. ವರಸೆಯಲ್ಲಿ ಅವನು ನನಗೆ ಅಣ್ಣನಾಗಬೇಕು. ಎದುರಿಗೆ ಬಹಳ ಕಾಲ ಬಹುವಚನ ಕೊಟ್ಟಿದ್ದೇನೆ, ಇಲ್ಲಿ ಏಕವಚನವೇ ಸಾಕು.

ಅವನು ನನ್ನ ಗಂಡನಿಗೆ ಮಾತ್ರ ಕುರ್ಚಿ ಎಳೆದ. “ಏನಪ್ಪಾ, ಹೊಗೆಸೊಪ್ಪು ಬೇಯ್ಸೋದು ಮುಗೀತಾ?” ಎಂದು ಬೇಸಾಯದ ಮಾತು ಶುರುಮಾಡಿ ಶುಂಠಿ ರೇಟಿಗೆ ಬಂದ. ನಾನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತೇ ಇದ್ದೆ. ಕಡೆಗೆ ನಾನೇ ನಡುವೆ ಮಾತು ಹಾಕಿದೆ.

“ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ನಾಕು ಜಿಬೀದು. ಬೇರೆ ಪವರ್ ವೈರ್ ಕೇಳ್ದೇ ಇರೋದು ಕೊಡಿ, ನನ್ ಪವರ್ ಸಪ್ಲೈ ಚಿಕ್ಕದು.”

ಅವನು ನನ್ನ ಗಂಡನ ಮುಖ ನೋಡಿಕೊಂಡು ಕೇಳಿದ. “ಆಲ್ಬಮ್ ಕೆಲ್ಸಕ್ಕಾ?”

“ಊಂ, ಊಂ,” ಎಂದರು ಇವರು.

“ಆಟಕ್ಕೆ,” ಎಂದೆ ನಾನು.

“ಆಟಕ್ಕಾ? ಮಕ್ಳಿಗಾ?”

ನಮಗೆ ಮಕ್ಕಳಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. “ನಂಗೇ,” ಎಂದೆ. ಅವನು ನನ್ನ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದ. ಇವರು ನೆಲ ನೋಡಿದರು.

ಗಾಜಿನ ಬೀರುವಿನಲ್ಲಿ ಒಂದು ಕಾರ್ಡಿನ ಡಬ್ಬಿ ಇತ್ತು. ಅದನ್ನು ಮುಟ್ಟದೆ, ಬಗ್ಗಿ ಕೆಳಗಿನ ಅರೆಯಿಂದ ಇನ್ನೊಂದು ತೆಗೆದ. ಅದರ ಸೀಲು ಮೊದಲೇ ಬಿಚ್ಚಿತ್ತು. ಕೇಳಿದರೆ, ಟೆಸ್ಟ್ ಮಾಡಲು ತಾನೇ ಬಿಚ್ಚಿದ್ದೆಂದ. ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಹಿಂಬದಿಯಲ್ಲಿ ಹಳೇ ಮಾನಿಟರಿನ ವೈರು ಹಾಕುವ ನೀಲಿ ಸಾಕೆಟ್ಟು ಇತ್ತು. ಈ ಮಾದರಿಗೆ ಅದು ಇರುವುದಿಲ್ಲವೆಂದು ಓದಿದ್ದೆ.

“ಇದ್ರಲ್ಲಿ ನೀಲಿ ಸಾಕೆಟ್ ಯಾಕದೆ?”

“ನಮ್ ಕಡೆ ಎಲ್ಲಾರ ಮನೇಲೂ ಹಳೇ ಮಾನಿಟ್ರೇ ತಾನೆ? ಅದ್ಕೇ ಅಂತ ಬುಟ್ಟವ್ರೆ. ಒಳ್ಳೇದಾಯ್ತಲ್ಲ?”

“ಇಲ್ಲೇ ಒಂದ್ಸಲ ಹಾಕಿ ತೋರ್ಸಿ.”

ಆಗ ಅವನ ಮುಖ ಬಿಗಿಯಿತು. ಸಿಟ್ಟು ನನ್ನ ಮೇಲಲ್ಲ, ನನ್ನ ಗಂಡನ ಮೇಲೆ. “ಏನಪ್ಪಾ ಇದು? ಸ್ವಂತ ಅತ್ತೆ ಮನೆಯೋರ್ಗೆ ಮೋಸ ಮಾಡ್ತೀನಾ ನಾನು?”

“ಸುಮ್ಕಿರೇ,” ಎಂದು ಇವರು ನನ್ನ ಮೇಲೆ ರೇಗಿ, ನಾನು ಕೊಟ್ಟಿದ್ದ ದುಡ್ಡನ್ನು ಅವನಿಗೆ ಕೊಟ್ಟುಬಿಟ್ಟರು. ಅವನು ಅಂಗಡಿಯ ಹೆಸರಿದ್ದ ಪುಟ್ಟ ವಾರಂಟಿ ಸ್ಟಿಕ್ಕರಿನ ಮೇಲೆ ರುಜು ಗೀಚಿ ಕಾರ್ಡಿನ ಬೆನ್ನಿಗೆ ಅಂಟಿಸಿ ಕೊಟ್ಟ.

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿ ನಾನೇ ಕೂರಿಸಿದೆ. ಫ್ಯಾನು ತಿರುಗಿತು, ಆಟವೂ ತೆರೆಯಿತು. ಆ ಒಂದು ಗಳಿಗೆ ಅವನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಎನಿಸಿತು. ನಿಜವಾದ ಕಾಳಗ ಶುರುವಾದೊಡನೆ ಚಿತ್ರವೆಲ್ಲ ಹರಿದ ಬಟ್ಟೆಯಂತೆ ಚಿಂದಿಯಾಗಿ ತೆರೆ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಡ್ರೈವರ್ ತೆಗೆದು ಹೊಸದಾಗಿ ಹಾಕಿದರೂ ಅಷ್ಟೇ. ಕಾರ್ಡಿನ ಒಳಗಿರುವ ಚಿಪ್ಪು ಯಾವುದೆಂದು ತೋರಿಸುವ ಒಂದು ಪುಟ್ಟ ಸಾಫ್ಟ್‌ವೇರ್ ಇದೆ, ಅದನ್ನು ಇಳಿಸಿಕೊಂಡು ನೋಡಿದೆ. ಕಾರ್ಡಿನ ಹೆಸರಿನ ಮುಂದೆಯೇ ‘ನಕಲಿ’ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ನಾಲ್ಕು ಜಿಬಿಯೂ ಸುಳ್ಳು, ಹೆಸರೂ ಸುಳ್ಳು. ಎಷ್ಟೋ ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ, ಹೊಸ ಡಬ್ಬಿಗೆ ಹಾಕಿ ಕೊಟ್ಟಿದ್ದರು.

ಅತ್ತೆ ನಡುಮನೆಯಲ್ಲಿ ಅವರೆಕಾಳು ಹಿತುಕುತ್ತ ಕೂತಿದ್ದರು. ನಾನು ನನ್ನ ಗಂಡನಿಗೆ ಹೇಳಿದ್ದನ್ನು ಅವರೂ ಕೇಳಿಸಿಕೊಂಡರು.

“ಓಗ್ಲಿ ಬುಡೇ,” ಎಂದರು ಇವರು. “ಅವ್ನಿಗೂ ಯಾರೋ ಮೋಸ ಮಾಡಿರ್ತಾರೆ.”

“ಅಂಗಾದ್ರೆ ಅವ್ನು ವಾಪಸ್ ತಗಳ್ಳಿ ಕಣ್ರೀ.”

“ನೆಂಟ್ರತ್ರ ವಾಪಸ್ ಕೇಳಕ್ಕಾಯ್ತದಾ?”

ಅತ್ತೆ ಬಟ್ಟಲನ್ನು ಕುಕ್ಕಿ ಎದ್ದರು. “ನಮ್ಮಪ್ಪನ್ ಮನೆಯೋರ್ನ ಕಳ್ರು ಅಂತೀಯಾ? ನಿನ್ ಆಟದ ತೀಟೆಗೆ ನನ್ ತವರ್ನ ಬೀದಿಗೆ ಎಳೀತೀಯಾ?”

“ನಾನು ಯಾರ ತವರನ್ನೂ ಎಳೀತಿಲ್ಲ. ನನ್ ದುಡ್ಡು ಕೇಳ್ತಿದೀನಿ.”

“ಸಂಸಾರ ಮಾಡೋ ಎಂಗ್ಸಿಗೆ ಬಂದೂಕ ಹಿಡ್ಕಂಡು ಆಡೋ ಆಟ ಯಾಕ್ ಬೇಕು ಅಂತ ನಾನು ಮೊದ್ಲೇ ಕೇಳಿದ್ದೆ!”

ಅವರು ಹಾಗೆ ಕೇಳಿದ್ದು ನಿಜ. ಮದುವೆಯಾದ ಹೊಸತರಿಂದಲೂ ಕೇಳುತ್ತಲೇ ಇದ್ದರು. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಆಟಕ್ಕೆ ಕೊಂಡ ವಸ್ತುವಾದರೆ ಅದರಲ್ಲಿ ಮೋಸವಾದರೂ ನಡೆದೀತು ಎನ್ನುವ ಹಾಗಿತ್ತು ಅವರ ನ್ಯಾಯ.

ಮಾರನೆಯ ಬೆಳಿಗ್ಗೆ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಗೇ ಹಾಕಿ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ.

ಅಂಗಡಿಯಲ್ಲಿ ಅವನೂ ಅವನ ಅಪ್ಪನೂ ಇದ್ದರು. ಅಪ್ಪ ಎಂದರೆ ಅತ್ತೆಯ ಅಣ್ಣ, ಬೆಳಿಗ್ಗೆ ಹೊತ್ತು ಅಲ್ಲಿ ಕೂತು ಪೇಪರ್ ಓದುವವರು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಇದು ನಕಲಿ, ನಿಮ್ಮ ಕಂಪ್ಯೂಟರಿಗೇ ಹಾಕಿ ನೋಡಿ ಎಂದೆ.

“ಮನೇಲಿ ಹೇಳಿ ಬಂದಿದೀಯಾ?” ಎಂದ ಅವನು.

“ಅದು ಆಮೇಲೆ. ಹಾಕಿ ನೋಡಿ.”

“ಕರೆಂಟ್ ಹೋಗಿ ಬಂದು ಆಗಿ ನೀನೇ ಸುಟ್ಟಾಕಿದೀಯ.”

“ಸುಟ್ರೆ ಹೆಸ್ರು ಬದ್ಲಾಗಕಿಲ್ಲ.”

ಆಗ ಅವನು ಆ ಮಾತು ಆಡಿದ. “ಯಾರಿಗ್ಗೊತ್ತು? ಒಳ್ಳೇದ್ನ ಇಟ್ಕಂಡು ನಿನ್ ಹಳೇದ್ನ ತಂದಿರ್ಬೈದು.”

ಕಾರ್ಡನ್ನು ತಿರುಗಿಸಿ ಅವನ ರುಜುವಿದ್ದ ಸ್ಟಿಕ್ಕರನ್ನು ಅವನ ಮುಖಕ್ಕೆ ಹಿಡಿದೆ. ಅವನಪ್ಪ ಪೇಪರ್ ಮಡಿಸಿ, “ಎಣ್ಮಕ್ಳು ಅಂಗ್ಡಿ ಬಾಗ್ಲಲ್ಲಿ ನಿಂತು ಕೂಗಾಡೋದು ನಮ್ ವಂಸದಲ್ಲಿಲ್ಲ. ನಡಿ ಮನೆಗೆ,” ಎಂದರು. ನಾನು ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕುಳಿತೆ. ದುಡ್ಡು ಕೊಡುವವರೆಗೂ ಏಳುವುದಿಲ್ಲವೆಂದೆ.

ಕೂತೇ ಇದ್ದೆ. ಪೆನ್‌ಡ್ರೈವ್ ಕೊಳ್ಳಲು ಬಂದವರಿಗೂ ಪ್ರಿಂಟರಿನ ಇಂಕಿಗೆ ಬಂದವರಿಗೂ, “ನೋಡ್ಕಂಡ್ ತಗಳ್ಳಿ, ಇಲ್ಲಿ ನಕಲಿ ಕೊಡ್ತಾರೆ,” ಎಂದೆ. ಅಪ್ಪ ಮಗ ಇಬ್ಬರೂ ನನ್ನನ್ನು ಬೈದರು, ನನ್ನ ಅಮ್ಮನನ್ನೂ ಸೇರಿಸಿಯೇ ಬೈದರು. ನಾನೂ ಬಾಯಿ ಮುಚ್ಚಿಕೊಂಡಿರಲಿಲ್ಲ.

ಆ ಹೊತ್ತಿಗೆ ಹ್ಯಾಂಡ್‌ಪೋಸ್ಟ್ ಕಡೆಯವರೊಬ್ಬರು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಕ್ಯಾಬಿನೆಟ್ಟನ್ನು ಎದೆಗವುಚಿಕೊಂಡು ಒಳಗೆ ಬಂದರು. ದಪ್ಪ ಮೀಸೆಯ, ಎತ್ತರದ ಆಳು. “ಎಷ್ಟ್ ಸಲ ಕಣ್ರೀ ಬರೋದು ನಾನು? ಮಗಳು ಏನಾದ್ರೂ ದೊಡ್ ಕೆಲ್ಸ ಮಾಡಕ್ಕೋದ್ರೆ ಸ್ಕ್ರೀನು ಕಪ್ಪಾಯ್ತದೆ. ಬಂದಾಗೆಲ್ಲ ಸರ್ವೀಸ್ ಚಾರ್ಜ್ ಬೇರೆ ಇಸ್ಕತೀರ!”

ನಾನು ಎದ್ದು ಹೋಗಿ ಕ್ಯಾಬಿನೆಟ್ಟಿನ ಹಿಂಬದಿ ನೋಡಿದೆ. ಅದೇ ನೀಲಿ ಸಾಕೆಟ್ಟು. “ಸಾರ್, ಕಾರ್ಡ್ ಇಲ್ಲೇ ತಗಂಡಿದ್ದಾ?” ಎಂದೆ. ಹೌದೆಂದರು. ನನ್ನದನ್ನು ಪಕ್ಕದಲ್ಲಿ ಹಿಡಿದು ತೋರಿಸಿ, ನಡೆದದ್ದನ್ನು ಹೇಳಿದೆ. ಅವರು ಎರಡನ್ನೂ ನೋಡಿದರು, ಅವನನ್ನು ನೋಡಿದರು. ಮೇಜಿಗೆ ಒಂದು ಬಾರಿ ಗುದ್ದಿದರು, ಅಷ್ಟೇ. ಮೇಲಿದ್ದ ಮೌಸುಗಳೆಲ್ಲ ಹಾರಿದವು.

“ಸಾರ್, ಸಾರ್, ಕೂತ್ಕಳಿ ಸಾರ್! ನಮ್ಗೆ ಮಾಲು ಕೊಟ್ಟೋರು ಮೋಸ ಮಾಡವ್ರೆ. ಈಗ್ಲೇ ಬದ್ಲಾಯ್ಸಿ ಕೊಡ್ತೀನಿ,” ಎಂದ ಅವನು. ಗಾಜಿನ ಬೀರು ತೆಗೆದು, ಅಲ್ಲಿದ್ದ ಒಂದೇ ಒಂದು ಒಳ್ಳೆಯ ಕಾರ್ಡನ್ನು ಬಿಚ್ಚಿ ಅವರ ಕ್ಯಾಬಿನೆಟ್ಟಿಗೆ ಹಾಕಿದ. ಆನ್ ಮಾಡಿ ತೋರಿಸಿದ. ಸರ್ವೀಸ್ ಚಾರ್ಜೂ ವಾಪಸ್ಸು ಕೊಟ್ಟ. ಚಹಾ ತರಿಸಿದ.

“ನಂದು?” ಎಂದೆ.

“ನೀನು ಮನೆಯವ್ಳು ಕಣವ್ವ. ನಿಂದು ಆಮೇಲೆ ನೋಡನ.”

ಚಹಾ ಕುಡಿದ ಆ ಮನುಷ್ಯರು ನನ್ನ ಕಡೆ ಒಮ್ಮೆ ನೋಡಿದರು. ಏನಾದರೂ ಹೇಳುತ್ತಾರೆಂದು ಕಾದೆ. “ಬತ್ತೀನಮ್ಮ,” ಎಂದು ಕ್ಯಾಬಿನೆಟ್ಟನ್ನು ಸುತ್ತಿಕೊಂಡು ಹೊರಟೇಬಿಟ್ಟರು. ಅವರ ಮೇಲೂ ನನಗೆ ಸಿಟ್ಟು ಬಂತು. ಇವತ್ತಿಗೂ ಹೋಗಿಲ್ಲ.

ಅಲ್ಲಿಂದ ಮುಂದೆ ನಾನು ಅವನಿಗೆ ಬಹುವಚನ ಬಿಟ್ಟೆ. “ಮೀಸೆ ಇರೋರ್ಗೆ ಒಂದು, ನಂಗೆ ಒಂದಾ? ದುಡ್ ಮಡಗು. ಇಲ್ದಿದ್ರೆ ಇಲ್ಲಿಂದ ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಯ್ತೀನಿ. ನಿನ್ ರುಜು ಇದ್ರ ಮೇಲೇ ಅದೆ.”

ಬಾಗಿಲಲ್ಲಿ ಜನ ನಿಂತಿದ್ದರು. ಪಕ್ಕದ ಮೊಬೈಲ್ ಅಂಗಡಿಯವನೂ ಇಣುಕುತ್ತಿದ್ದ. ಕಡೆಗೆ ಅವನಪ್ಪನೇ, “ಕೊಟ್ ಕಳ್ಸಲಾ ಅತ್ಲಾಗೆ, ಪೀಡೆ ತೊಲಗ್ಲಿ,” ಎಂದರು. ಅವನು ಗಲ್ಲಾದಿಂದ ನೋಟು ತೆಗೆದು ಮೇಜಿನ ಮೇಲೆ ಎಸೆದ. ಒಂದೆರಡು ನೆಲಕ್ಕೆ ಬಿದ್ದವು. ಬಗ್ಗಿ ಎತ್ತಿಕೊಂಡೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಅವನು ನನ್ನ ಕಾರ್ಡನ್ನು ಅದೇ ಡಬ್ಬಿಗೆ ಹಾಕಿ, ಅದೇ ಕೆಳಗಿನ ಅರೆಯಲ್ಲಿ ಇಡುತ್ತಿದ್ದ.

ಇನ್ನೊಬ್ಬರಿಗೆ ಮಾರುತ್ತಾನೆ ಎಂದು ಗೊತ್ತಾಯಿತು. ಮೇಜಿನ ಆಚೆಗೆ ನುಗ್ಗಿ ಡಬ್ಬಿಯನ್ನು ಕಿತ್ತುಕೊಂಡೆ. ಅವನ ರಿಪೇರಿ ಸಾಮಾನುಗಳ ಪಕ್ಕದಲ್ಲಿ ಒಂದು ಕಟಿಂಗ್ ಪ್ಲೇಯರ್ ಬಿದ್ದಿತ್ತು. ಕಾರ್ಡಿನ ತಳದಲ್ಲಿ ಬಂಗಾರದ ಬಣ್ಣದ ಹಲ್ಲುಗಳ ಸಾಲು ಇರುತ್ತದೆ. ಅದು ಹೋದರೆ ಯಾವ ಕಂಪ್ಯೂಟರಿಗೂ ಕಾರ್ಡು ಆಗುವುದಿಲ್ಲ. ಆ ಸಾಲನ್ನು ಪ್ಲೇಯರಿನಿಂದ ಕಚ್ಚಿ ಮುರಿದೆ. ಲಟಕ್ಕೆಂದು ತುಂಡು ಹಾರಿತು. ಇನ್ನೊಂದು ಕಡೆಯೂ ಮುರಿದೆ. ಅವನು “ಏಯ್!” ಎಂದು ಕೈ ಎತ್ತಿಕೊಂಡು ಬಂದವನು, ಬಾಗಿಲಲ್ಲಿದ್ದ ಜನರನ್ನು ನೋಡಿ ಕೈ ಇಳಿಸಿದ. ಮುರಿದ ಕಾರ್ಡನ್ನು ಅವನ ಮೇಜಿನ ಮೇಲಿಟ್ಟು ಬಸ್‌ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು. ದುಃಖದ ಅಳುವಲ್ಲ, ಇನ್ನೂ ನಾಲ್ಕು ಮಾತು ಆಡಬೇಕಿತ್ತು ಎನ್ನುವ ಅಳು.

ನಾನು ಮನೆ ಸೇರುವ ಮೊದಲೇ ಫೋನು ಸೇರಿತ್ತು. ಅತ್ತೆ ಅಂದಿನಿಂದ ನನ್ನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟರು. ಉಪ್ಪು ಬೇಕಾದರೂ ಗೋಡೆಗೆ ಕೇಳುತ್ತಾರೆ. ಅವರ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದವರು ಅತ್ತೆಗೆ ಕುಂಕುಮ ಕೊಟ್ಟು, ಪಕ್ಕದಲ್ಲೇ ನಿಂತಿದ್ದ ನನ್ನನ್ನು ದಾಟಿ ಹೊರಟರು. ನನ್ನ ಗಂಡ ಹೋಗಿ ಉಂಡು ಬಂದರು. “ನಿನ್ನಿಂದ ಅಲ್ಲಿ ತಲೆ ಎತ್ತಕ್ಕಾಗ್ಲಿಲ್ಲ,” ಎಂದರು. “ತಲೆ ಎತ್ತಕ್ಕಾಗ್ದೆ ಇದ್ರೂ ಊಟ ಇಳೀತಲ್ಲ,” ಎಂದೆ. ಅದಾದ ಮೇಲೆ ಎಷ್ಟೋ ದಿನ ಇಬ್ಬರೂ ಮಾತು ಬಿಟ್ಟಿದ್ದೆವು.

ಬೇರೆ ಕಾರ್ಡನ್ನು ಮೈಸೂರಿಗೆ ಒಬ್ಬಳೇ ಹೋಗಿ ತಂದೆ. ಅಲ್ಲಿ ಹಾಕಿಸಿ ನೋಡಿ, ಹೆಸರು ಓದಿ, ಆಮೇಲೆ ದುಡ್ಡು ಕೊಟ್ಟೆ. ಅಗ್ಗದ್ದೇ, ಆದರೆ ನಿಜವಾದದ್ದು. ಮಧ್ಯಾಹ್ನ ಆಲ್ಬಮ್ ಕೆಲಸ ಮುಗಿಸಿ ಕುಳಿತರೆ ಈಗ ಎದುರಿನವನಿಗಿಂತ ಮೊದಲು ನನ್ನ ಗುಂಡು ಹೋಗುತ್ತದೆ. ಹೆಡ್‌ಫೋನ್ ಇದ್ದರೂ ನಾನು ಹಾಕಿಕೊಳ್ಳುವುದಿಲ್ಲ. ಸದ್ದು ಕಡಿಮೆ ಮಾಡಲಿ ಎಂದು ಅತ್ತೆ ಗೋಡೆಗೆ ಹೇಳುತ್ತಾರೆ, ಗೋಡೆ ನನಗೆ ಹೇಳಿಲ್ಲ.

ಮೊನ್ನೆ ನನ್ನ ಗಂಡ ಹುಣಸೂರಿಗೆ ಹೋದವರು ಅದೇ ಅಂಗಡಿಯಿಂದ ಒಂದು ಮೊಬೈಲ್ ಚಾರ್ಜರ್ ತಂದರು. ಚಾರ್ಜರು ಚೆನ್ನಾಗಿಯೇ ಇದೆ, ಅವರ ಫೋನು ಚಾರ್ಜ್ ಆಗುತ್ತದೆ. ನಾನು ಮಾತ್ರ ಅದನ್ನು ಮುಟ್ಟುವುದಿಲ್ಲ.