ಜ಼ೀನತ್ ಹೆಸರಿನ ಕೆಳಗಿನ ಎರಡು ಚುಕ್ಕಿ

ಮೊನ್ನೆ ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಹೊಲಿಯುವಂಥದ್ದೇನೂ ಇರಲಿಲ್ಲ, ನಿವೃತ್ತಿಯಾದವರು ಸುಮ್ಮನಿರುವ ವಸ್ತುಗಳಿಗೆ ಹೀಗೆ ತೊಂದರೆ ಕೊಡುತ್ತಿರುತ್ತಾರೆ. ಬೆರಳಿಗೆ ಹತ್ತಿದ ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಯಲಬುರ್ಗಾದ ನನ್ನ ಮೊದಲ ಸರ್ಕಾರಿ ಕಚೇರಿಯಲ್ಲಿದ್ದೆ. ದಪ್ಪ ಕಲ್ಲಿನ ಗೋಡೆ, ಕಿಟಕಿಯಾಚೆ ಬೇವಿನ ಮರ, ಮೇಜಿನ ಮೇಲೆ ಕನ್ನಡದ ಟೈಪ್‌ರೈಟರು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತ ಅಜ಼ೀಜ಼್ ಸಾಹೇಬರು. ಅವರ ಹೆಸರಿನ ಕೆಳಗಿರುವ ಚುಕ್ಕಿಗಳನ್ನು ನೋಡಿ ಅಚ್ಚಿನ ತಪ್ಪೆಂದುಕೊಳ್ಳಬೇಡಿ. ಅವನ್ನು ಅಲ್ಲಿ ಇಡುವುದನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಚೇರಿಯ ಕಾಗದಗಳೆಲ್ಲ ಕನ್ನಡದಲ್ಲೇ ಇರಬೇಕೆಂಬ ಆದೇಶ ಬಂದು, ಊರೂರಿಗೆ ಕನ್ನಡದ ಯಂತ್ರಗಳು ಬರುತ್ತಿದ್ದ ಕಾಲ. ಕುಕನೂರಿನಲ್ಲಿ ನಮ್ಮ ಅಪ್ಪನದು ಕಿರಾಣಿ ಅಂಗಡಿ. ಅಪ್ಪ ನನ್ನನ್ನು ಕೊಪ್ಪಳದಲ್ಲಿ ಸೋದರತ್ತೆಯ ಮನೆಯಲ್ಲಿಟ್ಟು ಟೈಪಿಂಗ್ ಕಲಿಸಿದ್ದರು. ಪರೀಕ್ಷೆ ಪಾಸಾಗಿ, ಟೈಪಿಸ್ಟ್ ಕೆಲಸ ಸಿಕ್ಕು ಯಲಬುರ್ಗಾಕ್ಕೆ ಹೋದಾಗ ನನ್ನ ನಡಿಗೆಯನ್ನು ನೀವು ನೋಡಬೇಕಿತ್ತು. ವಿಮಾನ ಹಾರಿಸಲು ಬಂದವಳ ಹಾಗೆ ಕಚೇರಿಯ ಮೆಟ್ಟಿಲು ಹತ್ತಿದ್ದೆ.

ಒಳಗೆ ಹೋದರೆ ಕಿಟಕಿಯ ಪಕ್ಕದ ಒಳ್ಳೆಯ ಮೇಜಿನ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ತೆಳ್ಳಗಿನ ಮೈ, ಬಿಳಿ ಗಡ್ಡ, ತೋಳಿನ ಗುಂಡಿ ಹಾಕಿದ ಅಂಗಿ. ತಮ್ಮ ಇಂಗ್ಲಿಷ್ ಯಂತ್ರವನ್ನು ಎತ್ತಿ ಮೂಲೆಯ ಕಪಾಟಿಗೆ ಸೇರಿಸಿ, ಅದು ಇದ್ದ ಜಾಗದ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸುತ್ತಿದ್ದರು. ಅಷ್ಟು ವರ್ಷ ಅವರು ಕುಳಿತ ಜಾಗ ಅದು. ನನ್ನನ್ನು ನೋಡಿ, "ಕುಂದರು ಬೇಟಿ, ಇಲ್ಲಿ ಗಾಳಿ ಛಲೋ ಬರ್ತೈತಿ" ಎಂದರು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ನಿಜಾಮರ ಕಾಲದಲ್ಲಿ ಹುಡುಗರಾಗಿದ್ದಾಗ ಅಜ಼ೀಜ಼್ ಸಾಹೇಬರು ಉರ್ದು ಬರೆಯುವ ಗುಮಾಸ್ತರಾಗಿ ಸೇರಿದವರು. ರಾಜ್ಯಗಳು ಬದಲಾದ ಮೇಲೆ ಇಂಗ್ಲಿಷ್ ಟೈಪಿಂಗ್ ಕಲಿತರು. ಈಗ ನಿವೃತ್ತಿಗೆ ಮೂರ್ನಾಲ್ಕು ವರ್ಷವಿರುವಾಗ ಕನ್ನಡ. ಮಾತಾಡಲು, ಓದಲು ಚೆನ್ನಾಗಿಯೇ ಬರುತ್ತಿತ್ತು. ಯಂತ್ರದ ಮೇಲೆ ಮಾತ್ರ ಬರುತ್ತಿರಲಿಲ್ಲ. ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗದಿದ್ದರೆ ಇಂಗ್ಲಿಷ್ ಟೈಪಿಸ್ಟ್ ಬೇಕಾದ ಬೇರೆ ಜಿಲ್ಲೆಗೆ ವರ್ಗವಾಗುವುದು ಖಂಡಿತ ಎಂದು ಮಾತಿತ್ತು. ಮನೆಯಲ್ಲಿ ಹೆಂಡತಿಗೆ ದಮ್ಮು. ನಾಲ್ಕು ಹೆಜ್ಜೆ ನಡೆದರೆ ಕೂತು ಉಸಿರು ಹುಡುಕಬೇಕು. ಒಬ್ಬಳೇ ಮಗಳಿಗೆ ಗಂಗಾವತಿಯಲ್ಲಿ ಸಂಬಂಧ ಗೊತ್ತಾಗಿತ್ತು. ಈ ಮನೆಯನ್ನು ಬಿಟ್ಟು ಅವರು ಎಲ್ಲಿಗೆ ಹೋಗಬೇಕು?

ಒಂದು ದಿನ ಊಟದ ಹೊತ್ತಿನಲ್ಲಿ, ಉಳಿದವರು ಎದ್ದು ಹೋದ ಮೇಲೆ, ಅವರು ನನ್ನ ಮೇಜಿನ ಹತ್ತಿರ ಬಂದರು.

"ಬೇಟಿ, ನನಗ ಇದನ್ನ ಕಲಿಸ್ತಿ ಏನ?"

"ನಾನೇನ್ ಕಲಿಸ್ಲಿರಿ ಸಾಹೇಬ್ರ, ನೀವು ಹಿರ್ಯಾರು."

"ಈ ಮಶೀನಿಗಿ ಹಿರ್ಯಾರು ಕಿರ್ಯಾರು ಗೊತ್ತಾಗಂಗಿಲ್ಲ. ನಾ ಮೊದಲನೇ ಇಯತ್ತೆದಾಂವ ಅಂತ ತಿಳಕೊ. ಇದು ನನಗ ಮೂರನೇ ಸಾಲಿ."

ಅಂದಿನಿಂದ ನಮ್ಮ ಸಾಲಿ, ಅಂದರೆ ಶಾಲೆ, ಶುರುವಾಯಿತು. ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತಿ ಒಂದು ಕೈಯಲ್ಲಿ ಹಿಡಿದು ನಾನು ತಿನ್ನುತ್ತ ಹೇಳುವುದು, ಅವರು ಬಡಿಯುವುದು. ಈಗಿನವರಿಗೆ ಅದರ ಕಷ್ಟ ಗೊತ್ತಾಗಲಿಕ್ಕಿಲ್ಲ. ಕನ್ನಡದ ಅಕ್ಷರಗಳೇನೋ ದುಂಡಗೆ ಮುದ್ದಾಗಿವೆ, ಆದರೆ ಅವುಗಳ ಸಂಸಾರ ದೊಡ್ಡದು. ತಲೆಯ ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕಾಲ ಕೆಳಗೆ ಒತ್ತು. ಎಲ್ಲವನ್ನೂ ಅಷ್ಟು ಸಣ್ಣ ಯಂತ್ರದಲ್ಲಿ ಹಿಡಿಸಬೇಕು. ಕೆಲವು ಕೀಲಿಗಳನ್ನು ಒತ್ತಿದರೆ ಕಾಗದ ಹಿಡಿದ ಗಾಡಿ ಮುಂದೆ ಸರಿಯುತ್ತದೆ, ಕೆಲವನ್ನು ಒತ್ತಿದರೆ ಇದ್ದಲ್ಲೇ ನಿಲ್ಲುತ್ತದೆ. ಯಾವುದು ಸರಿಯುತ್ತದೆ, ಯಾವುದು ನಿಲ್ಲುತ್ತದೆ ಎಂದು ಬೆರಳಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಒತ್ತು ಪಕ್ಕದ ಮನೆಯ ಅಕ್ಷರಕ್ಕೆ ಹೋಗಿ ಜೋತುಬೀಳುತ್ತದೆ.

ಸಾಹೇಬರಿಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಕಾವೊತ್ತು. ನಮ್ಮ ಯಂತ್ರದಲ್ಲಿ 'ಕರ್ನಾಟಕ' ಎಂದು ಹೊಡೆಯಬೇಕಾದರೆ ಮೊದಲು 'ಕನಾ' ಹೊಡೆದು, ಆಮೇಲೆ ಆ ಕೊಕ್ಕೆಯನ್ನು ಸಿಕ್ಕಿಸಬೇಕು.

"ಕಿವಿಗಿ ಮೊದಲ ಕೇಳತೈತಿ, ಕೈಗಿ ಹಿಂದ ಬರತೈತಿ. ಇದ್ಯಾವ ನ್ಯಾಯ ಬೇಟಿ?" ಎಂದು ಕನ್ನಡಕ ತೆಗೆದು ನನ್ನನ್ನೇ ಕೇಳುತ್ತಿದ್ದರು, ಅದನ್ನು ನಾನೇ ಮಾಡಿಟ್ಟಿದ್ದೇನೆ ಎನ್ನುವಂತೆ. "ಹಂಗ ಐತ್ರಿ" ಎನ್ನುತ್ತಿದ್ದೆ. ಗುರುಗಳಿಗೆ ಈ ಉತ್ತರ ಬಹಳ ಅನುಕೂಲ.

ನಡುನಡುವೆ ಅವರು ತಮ್ಮ ಉರ್ದುವಿನ ಬಗ್ಗೆ ಹೇಳುತ್ತಿದ್ದರು. ಅಲ್ಲಿ ಚುಕ್ಕಿಯೇ ಯಜಮಾನನಂತೆ. ಒಂದು ಚುಕ್ಕಿ ಹೆಚ್ಚಾದರೆ ಅಕ್ಷರವೇ ಬೇರೆ. "ಅರ್ಜಿ, ಜರೂರು, ಹಾಜರಿ, ಇವೆಲ್ಲಾ ನಮ್ಮ ಮನಿಯಿಂದ ನಿಮ್ಮ ಮನಿಗಿ ಬಂದ ಶಬ್ದ. ಚಪ್ಪಲಿ ಬಾಗಲದಾಗ ಬಿಡ್ತೀವಲ್ಲ, ಹಂಗ ಚುಕ್ಕಿ ಬಿಟ್ಟು ಒಳಗ ಬಂದಾವ" ಎಂದರು ಒಮ್ಮೆ. ನಾನು ನಕ್ಕೆ. ಆದರೆ ಅವರು ಏನು ಹೇಳುತ್ತಿದ್ದಾರೆಂದು ನನಗೆ ಆಗ ಪೂರ್ತಿ ತಿಳಿದಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆ ಬಂತು. ಕೊಪ್ಪಳದಲ್ಲಿ ಕೇಂದ್ರ. ರಜೆ ಹಾಕಿ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಪರೀಕ್ಷೆಗೆ ಬಂದಿದ್ದವರೆಲ್ಲ ಮೀಸೆ ಮೂಡುತ್ತಿದ್ದ ಹುಡುಗರು, ಎರಡು ಜಡೆಯ ಹುಡುಗಿಯರು. ಸಾಹೇಬರನ್ನು ಮೇಲ್ವಿಚಾರಕರೆಂದು ತಿಳಿದು ಅವರೆಲ್ಲ ಎದ್ದು ನಿಂತರು. ಸಾಹೇಬರು, "ಕುಂದರ್ರೆಪಾ, ನಾನೂ ನಿಮ್ಮಂಗ" ಎಂದು ಹಿಂದಿನ ಸಾಲಿನ ಯಂತ್ರದ ಮುಂದೆ ಕುಳಿತರು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಕಿವಿಗೊಟ್ಟೆ. ಅಷ್ಟು ಯಂತ್ರಗಳ ಸದ್ದಿನಲ್ಲಿ ಅವರದು ಯಾವುದೆಂದು ಗೊತ್ತಾಗಲಿಲ್ಲ. ಆದರೂ ನನ್ನ ಬೆರಳುಗಳು ಸೀರೆಯ ಮೇಲೆ ತಾವಾಗಿಯೇ ಆಡುತ್ತಿದ್ದವು.

ಹೊರಬಂದ ಅವರ ಅಂಗಿ ಬೆವರಿನಲ್ಲಿ ನೆಂದಿತ್ತು. "ಒಂದ ಕಡೆ ಕೊಕ್ಕಿ ಬಿಟ್ಟು ಬಂದೆ ಬೇಟಿ. ಗೊತ್ತಾತು, ಆದ್ರ ತಿರುಗಿ ಹೋದ್ರ ಟೈಮ್ ಹೋಗ್ತಿತ್ತು" ಎಂದರು. ಬಸ್ಸಿನಲ್ಲಿ ಯಲಬುರ್ಗಾ ಬರುವವರೆಗೂ ಅದೊಂದು ಕೊಕ್ಕೆಯ ಚಿಂತೆಯಲ್ಲೇ ಇದ್ದರು.

ಪಾಸಾದರು. ಫಲಿತಾಂಶ ಬಂದ ದಿನ ಕಚೇರಿಗೆಲ್ಲ ಚಹಾ, ಖಾರಾ ಮಂಡಕ್ಕಿ. ವರ್ಗದ ಮಾತು ನಿಂತಿತು. ನಮ್ಮ ಅಧಿಕಾರಿ ಎರಡನೆಯ ಯಂತ್ರ ತರಿಸಿ ಕಿಟಕಿಯ ಬಳಿಯೇ ಹಾಕಿಸಿದರು. ಅಂದಿನಿಂದ ಬೇವಿನ ಗಾಳಿಯನ್ನು ಇಬ್ಬರೂ ಹಂಚಿಕೊಂಡೆವು.

ಇನ್ನು ಚುಕ್ಕಿಗಳ ಮಾತು. ಮಗಳ ಮದುವೆಯ ಆಮಂತ್ರಣ ಉರ್ದುವಿನಲ್ಲಿ ಅಚ್ಚಾಗಿತ್ತು. ಆದರೆ ಅವರ ಓಣಿಯವರು, ಕಚೇರಿಯವರು, ಅಳವಂಡಿಯಲ್ಲಿದ್ದ ಅವರ ಹಳೆಯ ಸ್ನೇಹಿತರು, ಇವರಲ್ಲಿ ಹೆಚ್ಚಿನವರು ಕನ್ನಡ ಓದುವವರು. ಅವರಿಗೆಲ್ಲ ಕನ್ನಡದಲ್ಲೇ ಕೊಡಬೇಕೆಂದು ಸಾಹೇಬರ ಆಸೆ. ಅಧಿಕಾರಿಯ ಒಪ್ಪಿಗೆ ಪಡೆದು, ಸ್ಟೆನ್ಸಿಲ್ ಹಾಳೆ, ಕಾಗದ ತಾವೇ ತಂದರು. ಸ್ಟೆನ್ಸಿಲ್ ಎಂದರೆ ಮೇಣದ ಹಾಳೆ. ಅದರ ಮೇಲೆ ಯಂತ್ರದಿಂದ ಅಕ್ಷರ ಕೊರೆದರೆ, ಮಸಿ ಹಚ್ಚಿ ಎಷ್ಟು ಬೇಕಾದರೂ ಪ್ರತಿ ತೆಗೆಯಬಹುದು. "ಇದನ್ನ ನೀ ಹೊಡಿ. ನನ್ನ ಕೈ ನಡುಗತಾವ" ಎಂದರು.

ಮೊದಲು ಬಿಳಿ ಹಾಳೆಯ ಮೇಲೆ ಹೊಡೆದು ತೋರಿಸಿದೆ. ಓದಿದರು. 'ಜೀನತ್' ಎಂದು ಹೊಡೆದಿದ್ದ ಮಗಳ ಹೆಸರಿನ ಹತ್ತಿರ ಅವರ ಕಣ್ಣು ನಿಂತಿತು, ತುಟಿ ಸಣ್ಣಗೆ ಅಲುಗಿತು. "ಛಲೋ ಆಗೈತಿ" ಎಂದು ಹಾಳೆ ಕೆಳಗಿಟ್ಟರು.

"ಏನೋ ತಪ್ಪೈತ್ರಿ. ಹೇಳ್ರಿ ಸಾಹೇಬ್ರ."

"ತಪ್ಪೇನಿಲ್ಲ. ಎಲ್ಲಾರೂ ಹಂಗ ಬರೀತಾರ."

"ನೀವು ಹೆಂಗ ಕರೀತೀರಿ ಮನ್ಯಾಗ?"

"ಜ಼ೀನತ್" ಎಂದರು. ನನಗೆ ವ್ಯತ್ಯಾಸ ಕೇಳಲಿಲ್ಲ. ಮತ್ತೆ ಹೇಳಿದರು. "ಹಲ್ಲಿನ ಹಿಂದ ದುಂಬಿ ಸಿಕ್ಕಂಗ ಅನಬೇಕು" ಎಂದು ತಾವೇ ನಕ್ಕರು. ನಾನು ಅಂದೆ, ಅವರು ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಅಂದೆ, ಮತ್ತೆ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಜವಾನ ನಮ್ಮಿಬ್ಬರ ಝೇಂಕಾರ ಕೇಳಿ ಒಳಗೆ ಇಣುಕಿ ಹೋದ. ಕೊನೆಗೊಮ್ಮೆ ನನ್ನ ಬಾಯಲ್ಲಿ ದುಂಬಿ ಸಿಕ್ಕಿತು. ಸಾಹೇಬರ ಮುಖ ಅರಳಿತು. "ಅಕಿ ಅವ್ವ ಇಟ್ಟ ಹೆಸರು. ಆ ಅವ್ವಗ ಉಸಿರು ಹತ್ತಿದಾಗ ಬ್ಯಾರೆ ಮಾತೇನೂ ಬರಂಗಿಲ್ಲ, ಈ ಹೆಸರೊಂದ ಬರ್ತೈತಿ" ಎಂದರು.

ಆಮೇಲೆ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. 'ಜ' ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟರೆ ಆ ಉಚ್ಚಾರ ಬರುತ್ತದೆಂದು ಎಲ್ಲೋ ಓದಿದ್ದ ನೆನಪು. ನಮ್ಮ ಯಂತ್ರದಲ್ಲಿ ಅದಕ್ಕೆ ಕೀಲಿಯಿಲ್ಲ. ಇದ್ದದ್ದು ಪೂರ್ಣವಿರಾಮ. ಹೆಸರನ್ನು ಹೊಡೆದು, ಗಾಡಿಯನ್ನು ಹಿಂದಕ್ಕೆ ತಂದು, ರೋಲರನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿ, 'ಜೀ' ಕೆಳಗೆ ಒಂದು ಚುಕ್ಕಿ. ಎರಡನೆಯದನ್ನು ಇಡಹೋದರೆ ಗಾಡಿ ಪೂರ್ತಿ ಒಂದು ಮನೆ ಮುಂದೆ ಸರಿದಿರುತ್ತಿತ್ತು. ಚುಕ್ಕಿ 'ನ'ದ ಕೆಳಗೆ ಬೀಳುತ್ತಿತ್ತು. ಗಾಡಿಯನ್ನು ಸಾಹೇಬರು ಕೈಯಿಂದ ಹಿಡಿದು ಕೂದಲೆಳೆಯಷ್ಟು ಹಿಂದೆ ನಿಲ್ಲಿಸಿದರು, ನಾನು ಮೆಲ್ಲಗೆ ಕೀಲಿ ಒತ್ತಿದೆ. ಒಂದು ಸ್ಟೆನ್ಸಿಲ್ ಹರಿದೇ ಹೋಯಿತು. ಇನ್ನೊಂದರಲ್ಲಿ ಚುಕ್ಕಿಗಳು ಒಂದರ ಮೇಲೊಂದು ಕುಳಿತವು. ಕೈ ನಡುಗುತ್ತದೆಂದು ಹೇಳಿದ್ದ ಮನುಷ್ಯ, ಉಸಿರು ಬಿಗಿಹಿಡಿದು ಆ ಗಾಡಿಯನ್ನು ಕಲ್ಲಿನಂತೆ ಹಿಡಿದಿದ್ದರು. ಸಂಜೆಯ ಹೊತ್ತಿಗೆ ಎರಡೂ ಚುಕ್ಕಿ ಅಕ್ಕಪಕ್ಕ ಬಿದ್ದವು.

ಮೊದಲ ಪ್ರತಿಯನ್ನು ಅವರು ಮನೆಗೆ ಒಯ್ದರು. ಮರುದಿನ ಬಂದು, "ಜ಼ೀನತ್ ಅವ್ವಗ ಕನ್ನಡ ಓದಾಕ ಬರಂಗಿಲ್ಲ. ಹೆಸರು ಎಲ್ಲೈತಿ ಅಂತ ಕೇಳಿದ್ಲು, ತೋರಿಸಿದೆ. ಭಾಳೊತ್ತು ಅದರ ಮ್ಯಾಲ ಬೆರಳ ಇಟಗೊಂಡು ಕುಂತಿದ್ಲು" ಎಂದಷ್ಟೇ ಹೇಳಿ ತಮ್ಮ ಯಂತ್ರದ ಮುಂದೆ ಕುಳಿತರು. ಮದುವೆಗೆ ನಾನು ಹೋಗಿದ್ದೆ. ಆ ತಾಯಿ ದಿಂಬಿಗೆ ಒರಗಿ ಕುಳಿತು ಮಗಳ ನಿಕಾಹ್ ನೋಡಿದರು. ಮುಂದಿನ ಚಳಿಗಾಲಕ್ಕೆ ತೀರಿಕೊಂಡರು. ಸಾಹೇಬರು ನಿವೃತ್ತಿಯ ಮೇಲೆ ಗಂಗಾವತಿಗೆ ಮಗಳ ಹತ್ತಿರ ಹೋದರು. ನನಗೂ ಮದುವೆ, ಕುಷ್ಟಗಿಗೆ ವರ್ಗ, ಮಕ್ಕಳು. ಸಾಹೇಬರು ತೀರಿಹೋದ ಸುದ್ದಿ ಮಣ್ಣಾದ ಎಷ್ಟೋ ದಿನದ ಮೇಲೆ ತಿಳಿಯಿತು.

ಎಣ್ಣೆ ಕೈಯನ್ನು ಒರೆಸಿಕೊಂಡು ಅಂದೇ ಹಳೆಯ ಸಹೋದ್ಯೋಗಿಯೊಬ್ಬರಿಂದ ಸಾಹೇಬರ ಮಗಳ ಗಂಗಾವತಿಯ ನಂಬರು ತೆಗೆದುಕೊಂಡೆ. ಇಷ್ಟು ವರ್ಷ ಮಾಡದ ಕೆಲಸವನ್ನು ಈಗ ಮಾಡಲು ಸಂಕೋಚವಿತ್ತು. ಫೋನೆತ್ತಿದ ಜ಼ೀನತ್, ನಾನು ಯಾರೆಂದು ತಿಳಿದ ಕೂಡಲೇ, "ಯಾವಾಗ ಬರ್ತೀರಿ?" ಎಂದಷ್ಟೇ ಕೇಳಿದಳು.

ನಿನ್ನೆ ಹೋಗಿದ್ದೆ. ಅವಳ ಕೂದಲೂ ನೆರೆತಿದೆ, ಮೊಮ್ಮಕ್ಕಳಿದ್ದಾರೆ. ಊಟಕ್ಕೆ ಬಡಿಸಿ, ತಾನು ಉಣ್ಣದೆ ನನ್ನೆದುರು ಕುಳಿತಳು.

"ಅಕ್ಕಾರ, ಅಬ್ಬಾ ಕಚೇರಿಯಾಗ ಹೆಂಗ ಇರ್ತಿದ್ರು? ನಗತಿದ್ರೇನ್ರಿ? ಮನ್ಯಾಗ ಅಮ್ಮೀ ಜಡ್ಡು, ಅವರು ನಕ್ಕಿದ್ದ ನನಗ ನೆನಪಿಲ್ಲ. ನಮಗ ಗೊತ್ತಿಲ್ಲದ ಅಬ್ಬಾ ನಿಮ್ಮ ಹತ್ರ ಅದಾರ."

ಹಿಂದಿನ ಸಾಲಿನಲ್ಲಿ ಕುಳಿತು ಪರೀಕ್ಷೆ ಬರೆದ, ಖಾರಾ ಮಂಡಕ್ಕಿ ಹಂಚಿದ, ದುಂಬಿ ಎಂದು ಹೇಳಿ ತಾವೇ ನಕ್ಕ ಸಾಹೇಬರು ಇವಳಿಗೆ ಗೊತ್ತೇ ಇಲ್ಲ. ನಾನು ಮೊದಲಿನಿಂದ ಹೇಳಲು ಶುರುಮಾಡಿದೆ. ಅವಳು ಮೊಮ್ಮಕ್ಕಳನ್ನೂ ಕರೆದು ಹತ್ತಿರ ಕೂರಿಸಿಕೊಂಡಳು. ಮೂರು ಗಂಟೆಯ ಬಸ್ಸು ಹೋಯಿತು. ಐದರದೂ ಹೋಯಿತು. ಹೋಗಲಿ ಎಂದು ಬಿಟ್ಟೆ.