ಬಕೆಟ್ಟಿನಲ್ಲಿ ಸಿಕ್ಕ ಗಂಡುಹುಳ

ಧಾರವಾಡದಲ್ಲಿ ಕುಳಿತು ಸಮುದ್ರದ ಹುಳಗಳ ಮೇಲೆ ಸಂಶೋಧನೆ ಮಾಡುತ್ತೇನೆಂದರೆ ಯಾರು ತಾನೇ ಗೇಲಿ ಮಾಡುವುದಿಲ್ಲ? ನಮ್ಮ ಪ್ರಯೋಗಾಲಯದ ಅಟೆಂಡರ್, ಕೆಲಗೇರಿಯ ಯಂಕಣ್ಣ ಕಾಕಾ ಮಾತ್ರ ಮಾಡಲಿಲ್ಲ. ನಾನು ಕಾರವಾರದಿಂದ ತಂದ ಕೆಸರನ್ನು ಸಣ್ಣ ಜರಡಿಯಲ್ಲಿ ತೊಳೆದು, ಕೂದಲಿಗಿಂತ ತೆಳ್ಳಗಿನ ದುಂಡುಹುಳಗಳನ್ನು ಬಿದಿರುಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ಎತ್ತುವುದನ್ನು ನನಗಿಂತ ಬೇಗ ಕಲಿತರು. ರೆಪ್ಪೆಗೂದಲೂ ಅವರದೇ.

ಎರಡು ವರ್ಷದಲ್ಲಿ, ಹೊಸ ಜಾತಿಯೆನಿಸುವ ಹನ್ನೊಂದು ಹೆಣ್ಣುಹುಳಗಳು ಸಿಕ್ಕವು. ಆದರೆ ಗಂಡಿನ ಬಾಲದೊಳಗಿನ ಜೋಡಿ ಮುಳ್ಳಿನ ಆಕಾರ ನೋಡದೆ ಹೊಸತೆಂದು ಬರೆದರೆ ಯಾರೂ ಒಪ್ಪುವುದಿಲ್ಲ. ಪಿಎಚ್.ಡಿ. ಪ್ರಬಂಧ ಒಪ್ಪಿಸಲು ತಿಂಗಳಿರುವಾಗ ಒಂದೇ ಒಂದು ಗಂಡು ಸಿಕ್ಕಿತು. ಗಾಜಿನ ಬಟ್ಟಲಲ್ಲಿಟ್ಟು ಚಹಾ ಕುಡಿಯಲು ಹೋದೆ. ಬಂದವಳು ಬಟ್ಟಲು ಖಾಲಿಯೆಂದುಕೊಂಡು ಸಿಂಕಿನಲ್ಲಿ ತೊಳೆದುಬಿಟ್ಟೆ. ಅಂಥ ಜಾಣೆ ನಾನು!

ತಿಳಿದ ಕೂಡಲೇ ನೆಲದ ಮೇಲೆ ಕುಳಿತು ಅತ್ತೆ.

“ಅಳಬ್ಯಾಡ್ರಿ ಸಂಘಮಿತ್ರಾ ಅಕ್ಕಾರ, ಎಲ್ಲೂ ಹೋಗಿಲ್ಲ ಅದು,” ಎಂದರು ಕಾಕಾ. “ಸಿಂಕಿನ ಪೈಪ್ ಬಿಚ್ಚಿ ಕೆಳಗ ಬಕೆಟ್ ಇಟ್ಟೇನ್ರಿ. ನಳಾ ಬರೂದು ಎಂಟು ದಿನಕ್ಕೊಮ್ಮೆ. ತೊಳದ ನೀರು ಬಿಟ್ರ ನೆಲಾ ಯಾತರಲೆ ಒರಸ್ಲಿ?”

ಬಕೆಟ್ಟಿನ ತುಂಬ ಸೋಪಿನ ನೊರೆ, ಚಹಾಪುಡಿ, ಯಾರದೋ ಕೂದಲು. ಇಬ್ಬರೂ ಎರಡು ದಿನ ಸೋಸಿದೆವು. ನನಗೆ ಪ್ರತಿ ಕೂದಲೂ ಹುಳವಾಗಿಯೇ ಕಂಡಿತು. ಎರಡನೆಯ ಮಧ್ಯಾಹ್ನ ಕಾಕಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ, “ಬರ್ರಿಲ್ಲೆ, ಮುಳ್ಳು ಎರಡೂ ಅದಾವ,” ಎಂದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ.

“ಮದಲ ಇದನ್ನ ಸ್ಲೈಡಿಗೆ ಹಾಕ್ರಿ, ಮತ್ತ ಚೆಲ್ಲೀರಿ!” ಎಂದು ಗದರಿದರು.

ಆ ಮುಳ್ಳು ಗೊತ್ತಿದ್ದ ಯಾವ ಜಾತಿಯದನ್ನೂ ಹೋಲಲಿಲ್ಲ. ಪ್ರಬಂಧ ಮುಗಿಯಿತು, ಪದವಿ ಬಂತು. ಆ ಬಕೆಟ್ಟಿನ ಉಪಕಾರವನ್ನು ನಾನು ಬದುಕಿರುವತನಕ ಮರೆಯಲಾರೆ. ಈ ವರ್ಷ ಹುಳದ ವಿವರಣೆ ಅಚ್ಚಾಯಿತು. ಜಾತಿಗೆ ಕಾಕಾರ ಹೆಸರನ್ನೇ ಇಟ್ಟಿದ್ದೇನೆ. ಲ್ಯಾಟಿನ್ ಪದ್ಧತಿಯಂತೆ ‘ಯಂಕಣ್ಣೈ’. ಹಾಳೆ ಕೈಗೆ ಕೊಟ್ಟಾಗ ಅವರು ಹೆಸರಿನ ಮೇಲೆ ಬೆರಳಿಟ್ಟರು.

“ಮುಂದ ಯಾರರ ಇದನ್ನ ತಗದು ಬ್ಯಾರೆ ಹೆಸರು ಹಾಕ್ತಾರೇನ್ರಿ?”

“ಇಲ್ರಿ ಕಾಕಾ. ಒಮ್ಮೆ ಅಚ್ಚಾತಂದ್ರ ಆತು. ನಾವೆಲ್ಲಾ ಹ್ವಾದ ಮ್ಯಾಲೂ ಇರತೈತಿ.”

ಇಪ್ಪತ್ತೆರಡು ವರ್ಷಗಳಿಂದ ದಿನಗೂಲಿಯ ಮೇಲೇ ಇರುವ, ಪ್ರತಿ ಮಾರ್ಚ್ ಬಂದಾಗ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಆಫೀಸಿನ ಬಾಗಿಲಲ್ಲಿ ನಿಲ್ಲುವ ಮನುಷ್ಯ ಆ ಹಾಳೆಯನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು, “ಹಂಗಾರ ಇಲ್ಲೆರ ಕಾಯಂ ಆದೆ ಬಿಡ್ರಿ,” ಎಂದರು.