ತಿರುಗಿ ಬಂದ ಮೋಟರುಗಳು

ಮೊನ್ನೆ ನಮ್ಮ ಹಿಟ್ಟಿನ ಗಿರಣಿಯ ಮೋಟರು ರಿಪೇರಿಯಾಗಿ ಬಂತು. ಒಳಗಿನ ತಂತಿ ಸುರುಳಿಗೆ ಹಚ್ಚಿದ ಹೊಸ ವಾರ್ನಿಶ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕಿತ್ತೂರಿನಲ್ಲಿ ಕುಳಿತವಳು ಬೈಲಹೊಂಗಲದ ಆ ತಗಡಿನ ಶೆಡ್ಡಿಗೆ ಹೋಗಿಬಿಟ್ಟೆ...

ಅಲ್ಲಿ ನೀರೆತ್ತುವ ಮೋಟರು ತಯಾರಾಗುತ್ತಿದ್ದವು. ತಾಮ್ರದ ತಂತಿ ಸುತ್ತುವವರು ಇಬ್ಬರೇ: ನಾನು, ಮತ್ತು ಹೊಸದಾಗಿ ಸೇರಿದ್ದ ಇನ್ನೊಬ್ಬಾಕೆ. ಕೆಟ್ಟು ಬಂದವನ್ನು ಬಿಚ್ಚಿ ನೋಡುವ ಕೆಲಸ ಸಂಪಗಾಂವದಿಂದ ಬರುತ್ತಿದ್ದ, ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರದು.

ಒಂದು ಮಳೆಗಾಲದಲ್ಲಿ ಇಪ್ಪತ್ತು ಮೋಟರು ಸುಟ್ಟು ತಿರುಗಿ ಬಂದವು. ಅದರಲ್ಲಿ ಹನ್ನೆರಡು ನಾನು ಸುತ್ತಿದವು. “ನಾಳಿಂದ ನೀ ಬರಬ್ಯಾಡವಾ,” ಎಂದರು ಮಾಲೀಕರು. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ನನ್ನ ಕೈಯ ಮೇಲೆ ನನಗಿದ್ದ ನಂಬಿಕೆಯೇ ಹೋಯಿತು. ಬೆರಳು ನೋಡಿಕೊಳ್ಳುತ್ತ ನಿಂತೆ.

ಕಾಕಾ ಕನ್ನಡಕ ತೆಗೆದಿಟ್ಟರು. “ಸಾವ್ಕಾರ್ರ, ತಿರುಗಿ ಬಂದದ್ದರಾಗ ಆಕಿವು ಎಷ್ಟು ಅಂತ ಎಣಿಸಿದ್ರಿ. ಆಕಿ ಸುತ್ತಿದ್ದರಾಗ ತಿರುಗಿ ಬಂದದ್ದು ಎಷ್ಟು ಅಂತ ಎಣಿಸೀರೇನ್ರಿ?”

ಮಾಲೀಕರು ರಿಜಿಸ್ಟರ್ ತರಿಸಿದರು. ನಾನು ಸುತ್ತಿದ್ದು ಆರುನೂರು, ಕೆಟ್ಟದ್ದು ಹನ್ನೆರಡು, ನೂರಕ್ಕೆ ಎರಡು. ಆಕೆ ಸುತ್ತಿದ್ದೇ ನೂರು, ಕೆಟ್ಟದ್ದು ಎಂಟು. ಹೆಚ್ಚು ಸುತ್ತಿದವಳವು ಹೆಚ್ಚು ಬಂದಿದ್ದವು, ಅಷ್ಟೇ.

ಮಾಲೀಕರ ಕಣ್ಣು ಆಕೆಯತ್ತ ಹೊರಳಿತು. ಆಕೆ ಅಳತೊಡಗಿದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆಗ ಹಾಯೆನಿಸಿತು.

“ತಡೀರಿ,” ಎಂದರು ಕಾಕಾ. “ಮಳಿ ಹತ್ತೂದಕ್ಕ ಮೊದಲ ಆಕಿ ಐವತ್ತು ಸುತ್ತ್ಯಾಳ, ಕೆಟ್ಟದ್ದು ಒಂದ. ಮಳಿ ಹತ್ತಿದ ಮ್ಯಾಲೆ ಸುತ್ತಿದ ಐವತ್ತರಾಗ ಏಳು. ಕೈ ಅದ ಐತಿ, ಬದಲಾದದ್ದು ಏನು? ಆಕಿ ಮೇಜಿನ ಹಿಂದಿನ ಗ್ವಾಡಿ ಮುಟ್ಟಿ ನೋಡ್ರಿ.”

ಗೋಡೆ ಒದ್ದೆಯಾಗಿತ್ತು. ಅದಕ್ಕೆ ಒತ್ತಿ ಇಡುತ್ತಿದ್ದ ಸುರುಳಿಗಳು ವಾರ್ನಿಶ್ ಹಚ್ಚುವ ಮೊದಲೇ ತೇವ ಹಿಡಿಯುತ್ತಿದ್ದವು; ಆ ತೇವ ಒಳಗೇ ಉಳಿದು ಮೋಟರು ಸುಡುತ್ತಿದ್ದವು. ಆವತ್ತೇ ಆಕೆಯ ಮೇಜು ನನ್ನ ಪಕ್ಕಕ್ಕೆ ಬಂತು. ನಾವಿಬ್ಬರೂ ಕೆಲಸದಲ್ಲಿ ಉಳಿದೆವು. ಮುಂದಿನ ಮಳೆಗಾಲಕ್ಕೆ ಗೆಳತಿಯರೂ ಆಗಿದ್ದೆವು.

ಕಿತ್ತೂರಿಗೆ ಬಂದು ಗಿರಣಿ ಹಾಕಿದ ಮೇಲೆ ಕಾಕಾನನ್ನು ನೋಡಿರಲಿಲ್ಲ. ಈ ಭಾನುವಾರ ಸಂಪಗಾಂವಕ್ಕೆ ಹೋದೆ. ತಡಮಾಡಿದ್ದೆ... ಹೋದ ವರ್ಷವೇ ತೀರಿಕೊಂಡಿದ್ದರು.

ಅವರ ಹೆಂಡತಿ ಚಹಾ ಕೊಟ್ಟರು. ಈ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು.

“ಇಷ್ಟೆಲ್ಲಾ ಮಾತಾಡಿದ್ರೇನವಾ ಅವರು? ಮನ್ಯಾಗ ಉಪ್ಪು ಬೇಕಾದ್ರೂ ಕೈ ಮಾಡಿ ತೋರಸ್ತಿದ್ರು!” ಎಂದು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹೇಳವಾ, ಮೊದಲಿಂದ,” ಎಂದರು.

ಹೇಳಿದೆ.